ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ: ರ‍್ಯಾಮ್ ಬದಲಿಸುವ ಮುನ್ನ ನೋಡಬೇಕಾದದ್ದು

ಕಂಪ್ಯೂಟರ್ ಆಗಾಗ ತಾನಾಗಿಯೇ ರೀಸ್ಟಾರ್ಟ್ ಆಗತೊಡಗಿದರೆ ಮೊದಲು ಸಿಗುವ ಸಲಹೆ "ರ‍್ಯಾಮ್ ಹೋಗಿರಬೇಕು, ಹೊಸದು ಹಾಕಿಸಿ" ಎಂಬುದು. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಮಂಗಳೂರು, ಉಡುಪಿ ಕಡೆ ಇದೇ ಲಕ್ಷಣ ತೋರಿಸುವ ಬೇರೆ ಕಾರಣಗಳು ಬಹಳ ಇವೆ. ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಉಪ್ಪು ಬೆರೆತ ಗಾಳಿ, ಮಳೆಗಾಲದ ಹಿಂದೆ ಮುಂದೆ ಬರುವ ಸಿಡಿಲು, ಬೇಸಿಗೆಯಲ್ಲಿ ಒಣಗಿಹೋಗುವ ಅರ್ಥಿಂಗ್ ಗುಂಡಿ, ವಯಸ್ಸು ಮೀರಿದ ಯುಪಿಎಸ್ ಬ್ಯಾಟರಿ ಎಲ್ಲವೂ ಯಂತ್ರವನ್ನು ಹೀಗೇ ಬೀಳಿಸುತ್ತವೆ. ಹೊಸ ರ‍್ಯಾಮ್ ಹಾಕಿದ ಮೇಲೆ ಸರಿಹೋಯಿತು ಎಂದು ಕಂಡರೂ, ಎಷ್ಟೋ ಸಲ ಸರಿಹೋದದ್ದು ಹೊಸ ರ‍್ಯಾಮಿನಿಂದಲ್ಲ. ಹಳೆಯದನ್ನು ಕಿತ್ತು ಹೊಸದನ್ನು ಒತ್ತುವಾಗ ಸ್ಲಾಟಿನೊಳಗಿನ ಕಿಲುಬು ಉಜ್ಜಿಹೋಗಿ ಸಂಪರ್ಕ ಕೂಡಿಕೊಂಡಿರುತ್ತದೆ, ಅಷ್ಟೆ. ಮುಂದಿನ ಮಳೆಗಾಲಕ್ಕೆ ಅದೇ ತೊಂದರೆ ಮತ್ತೆ ಬರುತ್ತದೆ, ಆಗ ಮದರ್‌ಬೋರ್ಡ್ ಹೋಗಿದೆ ಎಂಬ ತೀರ್ಮಾನವಾಗುತ್ತದೆ.

ಹಾಗಾಗಿ ಇಲ್ಲಿ ಹೇಳುವ ಕ್ರಮಕ್ಕೆ ಒಂದೇ ಆಧಾರ. ಯಂತ್ರ ಬೀಳುವ ಮುನ್ನ ಏನಾದರೂ ಬರೆದಿಟ್ಟು ಬಿತ್ತೇ, ಬರೆಯಲು ಪುರುಸೊತ್ತೇ ಸಿಗದೆ ಬಿತ್ತೇ ಎಂಬುದನ್ನು ಮೊದಲು ತಿಳಿಯಬೇಕು. ಬರೆದಿಟ್ಟಿದ್ದರೆ ರ‍್ಯಾಮ್, ಡ್ರೈವರ್, ಡಿಸ್ಕ್ ಕಡೆ ಹುಡುಕಬೇಕು. ಏನೂ ಬರೆಯದೆ ಬಿದ್ದಿದ್ದರೆ ಮೊದಲು ಕರೆಂಟಿನ ದಾರಿ ನೋಡಬೇಕು.

ಎಲ್ಲಕ್ಕಿಂತ ಮೊದಲು ಡೇಟಾ

ರ‍್ಯಾಮ್ ಕೆಟ್ಟ ಯಂತ್ರ ಬರೀ ರೀಸ್ಟಾರ್ಟ್ ಆಗಿ ಸುಮ್ಮನಿರುವುದಿಲ್ಲ, ತಪ್ಪು ಡೇಟಾವನ್ನು ಡಿಸ್ಕಿಗೂ ಬರೆಯುತ್ತದೆ. ಯಾವ ಫೈಲ್ ಉಳಿಸಿದರೂ ಅದು ರ‍್ಯಾಮ್ ದಾಟಿಯೇ ಡಿಸ್ಕ್ ತಲುಪಬೇಕು. ನಡುವೆ ಒಂದು ಬಿಟ್ ತಿರುಗಿದರೆ ಟ್ಯಾಲಿಯ ಕಂಪನಿ ಫೋಲ್ಡರ್ ತೆರೆಯುವುದೇ ಇಲ್ಲ, ಅಥವಾ ಮದುವೆ ಫೋಟೊ ಅರ್ಧ ಬೂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಕಾರಣ ಗೊತ್ತಾಗುವ ತನಕ ಈ ಯಂತ್ರದಲ್ಲಿ ವಿಂಡೋಸ್ ಮರುಸ್ಥಾಪನೆ ಬೇಡ, ಡಿಸ್ಕ್ ರಿಪೇರಿ ಬೇಡ, ಡಿಫ್ರ್ಯಾಗ್ ಬೇಡ. "ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡುವ" ಎಂಬ ಮಾತಿಗೆ ಒಪ್ಪಬೇಡಿ. ಕೆಟ್ಟ ರ‍್ಯಾಮಿನ ಮೇಲೆ ಹಾಕಿದ ಹೊಸ ವಿಂಡೋಸ್ ಹುಟ್ಟುವಾಗಲೇ ಹಾಳಾದ ಫೈಲುಗಳೊಂದಿಗೆ ಹುಟ್ಟುತ್ತದೆ.

ಬ್ಯಾಕಪ್ ಬೇಕಿದ್ದರೆ ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕನ್ನು ಬಿಚ್ಚಿ, ಸಾಟಾ–ಯುಎಸ್‌ಬಿ ಕೇಬಲ್‌ನಿಂದ ಚೆನ್ನಾಗಿರುವ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಅಲ್ಲಿ ನಕಲು ಮಾಡಿ. ಅದು ಆಗದಿದ್ದರೆ ಖಾಲಿ ಪೆನ್‌ಡ್ರೈವ್‌ಗೆ ಹೊಸ ಫೋಲ್ಡರ್ ಮಾಡಿ ಹಾಕಿ. ಹಳೆಯ ಒಳ್ಳೆಯ ಬ್ಯಾಕಪ್‌ನ ಮೇಲೆ ಮಾತ್ರ ಬರೆಯಬೇಡಿ.

ಹೇಗೆ ಬೀಳುತ್ತದೆ ಎಂದು ನೋಡಿ

ಪರದೆ ಒಮ್ಮೆಲೇ ಕಪ್ಪಾಗಿ, ಫ್ಯಾನ್ ಸದ್ದು ನಿಂತು, ಎರಡು ಮೂರು ಸೆಕೆಂಡಿನಲ್ಲಿ ತಾನೇ ಮತ್ತೆ ಶುರುವಾದರೆ ಅದು ಕರೆಂಟು, ಯುಪಿಎಸ್, ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗೆ ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಪೆಟ್ಟಿಗೆ) ಅಥವಾ ರೀಸೆಟ್ ಸ್ವಿಚ್‌ನ ಲಕ್ಷಣ. ನೀಲಿ ಪರದೆ ಒಂದು ಕ್ಷಣ ಮಿಂಚಿ ಮರೆಯಾದರೆ ವಿಂಡೋಸ್ ಸ್ವತಃ ನಿಲ್ಲಿಸಿದೆ ಎಂದರ್ಥ, ಕಾರಣ ಒಳಗೆ ದಾಖಲಾಗಿರುತ್ತದೆ. ಪೂರ್ತಿ ಆಫ್ ಆಗಿ ಹಾಗೆಯೇ ಉಳಿದು, ಸ್ವಲ್ಪ ತಣಿದ ಮೇಲೆ ಮಾತ್ರ ಆನ್ ಆದರೆ ಬಿಸಿ ಅಥವಾ ಎಸ್‌ಎಂಪಿಎಸ್‌ನ ರಕ್ಷಣಾ ವ್ಯವಸ್ಥೆ. "ರೀಸ್ಟಾರ್ಟಿಂಗ್" ಎಂದು ತೋರಿಸಿಕೊಂಡು ನಿಧಾನವಾಗಿ ಆದರೆ ಅದು ವಿಂಡೋಸ್ ಅಪ್‌ಡೇಟ್, ದೋಷವೇ ಅಲ್ಲ.

ಹೊತ್ತನ್ನೂ ಗುರುತು ಹಾಕಿಕೊಳ್ಳಿ. ಜೂನ್–ಜುಲೈ ತಿಂಗಳಲ್ಲಿ ಬೆಳಿಗ್ಗೆ ಆನ್ ಮಾಡಿದ ಮೊದಲ ಕಾಲು ಗಂಟೆಯಲ್ಲಿ ಎರಡು ಮೂರು ಸಲ ಬಿದ್ದು, ಆಮೇಲೆ ದಿನವಿಡೀ ಸರಿಯಾಗಿ ನಡೆದರೆ ತೇವ, ಕಿಲುಬು ಹಿಡಿದ ಸಂಪರ್ಕ ಅಥವಾ ಮುದಿಯಾದ ಕೆಪಾಸಿಟರ್ ಕಡೆ ಬೆರಳು ತೋರಿಸಬಹುದು. ಯಂತ್ರದ ಬಿಸಿಯೇ ತೇವವನ್ನು ಒಣಗಿಸುವುದರಿಂದ ಆಮೇಲೆ ಸುಮ್ಮನಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬೀಳುವುದಾದರೆ ಬಿಸಿ ಅಥವಾ ಇಳಿದ ವೋಲ್ಟೇಜ್. ತೋಟದ ಪಂಪ್‌ಸೆಟ್ ಶುರುವಾದಾಗ, ಫ್ರಿಜ್ ಆನ್ ಆದಾಗ, ಲೈಟ್ ಒಮ್ಮೆ ಮಂಕಾದಾಗ ಬೀಳುವುದಾದರೆ ರ‍್ಯಾಮಿನ ಚಿಂತೆ ಸದ್ಯಕ್ಕೆ ಬಿಡಿ.

ವಿಂಡೋಸ್ ಬರೆದಿಟ್ಟದ್ದನ್ನು ಓದುವುದು

ನೀಲಿ ಪರದೆ ಓದಲು ಸಿಗುವ ಹಾಗೆ ಮಾಡಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್, ಅಲ್ಲಿಂದ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಅದರಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ವಿಭಾಗದ ಸೆಟ್ಟಿಂಗ್ಸ್ ಗುಂಡಿ ಒತ್ತಿ. "ಆಟೊಮ್ಯಾಟಿಕಲಿ ರೀಸ್ಟಾರ್ಟ್" ಎದುರಿನ ಟಿಕ್ ತೆಗೆಯಿರಿ. ಇನ್ನು ಮುಂದೆ ನೀಲಿ ಪರದೆ ಬಂದರೆ ಹಾಗೆಯೇ ನಿಲ್ಲುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬಹುದು. ಈ ಟಿಕ್ ತೆಗೆದ ಮೇಲೂ ಯಂತ್ರ ಮೊದಲಿನ ಹಾಗೆಯೇ ತಟ್ಟನೆ ರೀಸ್ಟಾರ್ಟ್ ಆಗುತ್ತಿದ್ದರೆ ಅದೇ ಒಂದು ದೊಡ್ಡ ಸುಳಿವು: ವಿಂಡೋಸ್‌ಗೆ ಗೊತ್ತಾಗುವ ಮೊದಲೇ ವಿದ್ಯುತ್ ತಪ್ಪುತ್ತಿದೆ, ಅಥವಾ ಪ್ರೊಸೆಸರ್ ರೀಸೆಟ್ ಆಗುತ್ತಿದೆ.

ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ಪಟ್ಟಿಯಲ್ಲಿ ಕರ್ನಲ್-ಪವರ್ ಹೆಸರಿನ 41ನೇ ಸಂಖ್ಯೆಯ ಈವೆಂಟ್ ಕಾಣುತ್ತದೆ. ಹೆಸರಿನಲ್ಲಿ ಪವರ್ ಎಂದಿದೆ ಎಂದು ಎಸ್‌ಎಂಪಿಎಸ್ ಬದಲಿಸುವವರಿದ್ದಾರೆ, ಅದು ತಪ್ಪು. ಕಳೆದ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಈ 41ರ ಅರ್ಥ. ಮುಂದಿನ ಸಲ ಆನ್ ಆದಾಗ ಇದು ದಾಖಲಾಗುತ್ತದೆ. ವಿಷಯ ಇರುವುದು ಡೀಟೇಲ್ಸ್ ಟ್ಯಾಬ್‌ನಲ್ಲಿ. ಅಲ್ಲಿ ಬಗ್‌ಚೆಕ್‌ಕೋಡ್ ಎಂಬ ಸಾಲು ನೋಡಿ.

ಅದು 0 ಆಗಿದ್ದರೆ ನೀಲಿ ಪರದೆಯ ದಾಖಲೆ ಇಲ್ಲ. ವಿದ್ಯುತ್, ರೀಸೆಟ್ ಸ್ವಿಚ್ ಅಥವಾ ಹಾರ್ಡ್‌ವೇರ್ ಪೂರ್ತಿ ಸ್ತಬ್ಧವಾದದ್ದು. ಬೇರೆ ಸಂಖ್ಯೆ ಇದ್ದರೆ ಅದು ನೀಲಿ ಪರದೆಯ ಕೋಡ್, ಸಾಮಾನ್ಯ ದಶಮಾಂಶದಲ್ಲಿ ಬರೆದದ್ದು. 26 ಎಂದರೆ ಮೆಮೊರಿ ಮ್ಯಾನೇಜ್‌ಮೆಂಟ್ ದೋಷ. 80 ಎಂದರೆ ಇರಬೇಕಾದ ಜಾಗದಲ್ಲಿ ಮೆಮೊರಿ ಪುಟ ಸಿಗಲಿಲ್ಲ ಎಂದು. 10 ಮತ್ತು 59 ರ‍್ಯಾಮಿನಿಂದಲೂ ಬರುತ್ತವೆ, ಕೆಟ್ಟ ಡ್ರೈವರ್‌ನಿಂದಲೂ ಬರುತ್ತವೆ. 292 ಹಾರ್ಡ್‌ವೇರ್ ದೋಷ, ಪ್ರೊಸೆಸರ್ ಅಥವಾ ಅದರ ವೋಲ್ಟೇಜ್ ಕಡೆ ನೋಡಬೇಕು. ಇದರ ಜೊತೆ ಡಬ್ಲ್ಯುಎಚ್‌ಇಎ-ಲಾಗರ್ ಹೆಸರಿನ 18ನೇ ಈವೆಂಟ್ ಇದೆಯೇ ನೋಡಿ. 122 ಬಂದರೆ ಡಿಸ್ಕ್ ಮತ್ತು ಅದರ ಕೇಬಲ್ ಪರೀಕ್ಷಿಸಿ. 278 ಗ್ರಾಫಿಕ್ಸ್ ಕಾರ್ಡಿನದು.

ಒಂದೇ ಸಂಖ್ಯೆ, ಒಂದೇ ಡ್ರೈವರ್ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ ಅದು ಹೆಚ್ಚಾಗಿ ಡ್ರೈವರ್ ತೊಂದರೆ. ಇವತ್ತು 26, ನಾಳೆ 10, ನಾಡಿದ್ದು 80, ನಡುವೆ ಬ್ರೌಸರ್ ಟ್ಯಾಬುಗಳು ಕುಸಿಯುವುದು, ಜಿಪ್ ಫೈಲ್ ಒಮ್ಮೆ ಬಿಚ್ಚಿದರೆ ದೋಷ ತೋರಿಸಿ ಇನ್ನೊಮ್ಮೆ ಸರಿಯಾಗಿ ಬಿಚ್ಚಿಕೊಳ್ಳುವುದು, ಹೀಗೆ ದಿನಕ್ಕೊಂದು ವೇಷ ಕಂಡರೆ ರ‍್ಯಾಮ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಡಿಸ್ಕ್ ಕೆಟ್ಟರೆ ಅದೇ ಫೈಲ್ ಅದೇ ಜಾಗದಲ್ಲಿ ಕೈಕೊಡುತ್ತದೆ. ರ‍್ಯಾಮ್ ಕೆಟ್ಟರೆ ಜಾಗ ಬದಲಾಗುತ್ತಲೇ ಇರುತ್ತದೆ.

ಅದೇ ಡೀಟೇಲ್ಸ್ ಟ್ಯಾಬಿನಲ್ಲಿ ಪವರ್‌ಬಟನ್‌ಟೈಮ್‌ಸ್ಟ್ಯಾಂಪ್ ಎಂಬ ಸಾಲೂ ಇದೆ. ಅದು 0 ಅಲ್ಲದೆ ದೊಡ್ಡ ಸಂಖ್ಯೆಯಾಗಿದ್ದರೆ ಪವರ್ ಗುಂಡಿ ಒತ್ತಿ ಹಿಡಿದದ್ದು ದಾಖಲಾಗಿದೆ. ಯಾರೂ ಒತ್ತಿಲ್ಲದಿದ್ದರೂ ಹೀಗೆ ಬಂದಿದ್ದರೆ ಸ್ವಿಚ್ ಒಳಗೇ ಅಂಟಿಕೊಂಡಿದೆ.

ತುಕ್ಕು ಹಿಡಿದ ಮುಂಭಾಗ

ಮಲ್ಪೆ, ಉಳ್ಳಾಲ, ತಣ್ಣೀರುಬಾವಿ, ಕಾಪುವಿನಂಥ ಸಮುದ್ರದ ಅಂಚಿನ ಜಾಗಗಳಲ್ಲಿ ಇದನ್ನು ಮೊದಲೇ ನೋಡಿಬಿಡಬೇಕು, ಯಾಕೆಂದರೆ ಐದು ನಿಮಿಷದ ಕೆಲಸ, ಖರ್ಚಿಲ್ಲ. ಕ್ಯಾಬಿನೆಟ್‌ನ ಪವರ್ ಮತ್ತು ರೀಸೆಟ್ ಗುಂಡಿಗಳ ಹಿಂದೆ ಇರುವುದು ಸಣ್ಣ ಅಗ್ಗದ ಸ್ವಿಚ್. ಅದರೊಳಗೆ ಉಪ್ಪಿನ ತೇವ ಸೇರಿದರೆ ಯಾರೂ ಮುಟ್ಟದೆಯೂ ಎರಡು ತಂತಿ ಕೂಡಿಕೊಂಡು ಯಂತ್ರ ರೀಸೆಟ್ ಆಗುತ್ತದೆ. ಕ್ಯಾಬಿನೆಟ್ ತೆರೆದು, ಮದರ್‌ಬೋರ್ಡ್‌ನ ಮೂಲೆಯಲ್ಲಿ "ರೀಸೆಟ್ ಎಸ್‌ಡಬ್ಲ್ಯು" ಎಂದು ಗುರುತಿರುವ ಎರಡು ಪಿನ್ನಿನ ಕನೆಕ್ಟರ್ ಕಿತ್ತು ಬಿಡಿ. ಅದಿಲ್ಲದೆಯೂ ಕಂಪ್ಯೂಟರ್ ನಡೆಯುತ್ತದೆ. ರೀಸ್ಟಾರ್ಟ್ ನಿಂತರೆ ಕೆಲಸ ಮುಗಿಯಿತು. ಪವರ್ ಸ್ವಿಚ್ ಮೇಲೆ ಅನುಮಾನವಿದ್ದರೆ ಆನ್ ಆದ ಮೇಲೆ ಅದರ ಕನೆಕ್ಟರನ್ನೂ ಬಿಡಿಸಿ ನೋಡಬಹುದು.

ಮುಂಭಾಗದ ಯುಎಸ್‌ಬಿ ಕಿಂಡಿಗಳನ್ನೂ ಟಾರ್ಚ್ ಹಾಕಿ ನೋಡಿ. ಒಳಗೆ ಹಸಿರು ಕಿಲುಬು ಅಥವಾ ಕಂದು ತುಕ್ಕು ಇದ್ದರೆ, ಇಲ್ಲವೇ ಪಿನ್ ಬಾಗಿ ಲೋಹದ ಕವಚಕ್ಕೆ ತಾಗಿದ್ದರೆ ಶಾರ್ಟ್ ಆಗುತ್ತದೆ. ಕೆಲವು ಬೋರ್ಡ್‌ಗಳು ಆಗ ಯುಎಸ್‌ಬಿ ಓವರ್ ಕರೆಂಟ್ ಎಂಬ ಎಚ್ಚರಿಕೆ ತೋರಿಸಿ 15 ಸೆಕೆಂಡಿನಲ್ಲಿ ಆಫ್ ಆಗುತ್ತವೆ, ಕೆಲವು ಏನೂ ಹೇಳದೆ ಬೀಳುತ್ತವೆ. ಬೋರ್ಡಿನಿಂದ ಆ ಯುಎಸ್‌ಬಿ ಕೇಬಲ್ ಬಿಡಿಸಿಟ್ಟು ಹಿಂಭಾಗದ ಕಿಂಡಿಗಳನ್ನೇ ಬಳಸಿ.

ಕರೆಂಟು, ಯುಪಿಎಸ್, ಎಸ್‌ಎಂಪಿಎಸ್

ಜೆರಾಕ್ಸ್ ಅಂಗಡಿ, ಸಣ್ಣ ಕಚೇರಿಗಳಲ್ಲಿ ಬಹಳ ಸಲ ಕಾಣುವ ಕಾರಣ ಲೇಸರ್ ಪ್ರಿಂಟರ್. ಅದರ ಫ್ಯೂಸರ್ ಬಿಸಿಯಾಗುವ ಕ್ಷಣದಲ್ಲಿ ನೂರಾರು ವಾಟ್ ಒಮ್ಮೆಲೇ ಎಳೆಯುತ್ತದೆ. ಸಾಮಾನ್ಯ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವಾಟ್ ಮಾತ್ರ. ಪ್ರಿಂಟ್ ಕೊಟ್ಟಾಗಲೆಲ್ಲ ಕಂಪ್ಯೂಟರ್ ಬೀಳುತ್ತಿದ್ದರೆ ಪ್ರಿಂಟರನ್ನು ಯುಪಿಎಸ್‌ನಿಂದ ತೆಗೆದು ಗೋಡೆಯ ಸಾಕೆಟ್‌ಗೆ ಹಾಕಿ.

ಯುಪಿಎಸ್ ಪರೀಕ್ಷೆ ಸುಲಭ. ತೆರೆದ ಫೈಲುಗಳನ್ನೆಲ್ಲ ಉಳಿಸಿ ಮುಚ್ಚಿ, ಯುಪಿಎಸ್ ಚಾರ್ಜ್ ಆಗಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ. ಕಂಪ್ಯೂಟರ್ ಅಲುಗಾಡದೆ ನಡೆಯಬೇಕು. ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಹೀಗೆ ಮೂರು ನಾಲ್ಕು ಸಲ. ಒಮ್ಮೆಯಾದರೂ ಬಿದ್ದರೆ ಬ್ಯಾಟರಿ ಅಥವಾ ಕರೆಂಟಿನಿಂದ ಬ್ಯಾಟರಿಗೆ ಬದಲಾಗಲು ತಗಲುವ ಹೊತ್ತು ತೊಂದರೆ ಕೊಡುತ್ತಿದೆ. ಸಣ್ಣ ಯುಪಿಎಸ್‌ಗಳ 12 ವೋಲ್ಟ್, 7 ಎಎಚ್ ಬ್ಯಾಟರಿ ನಮ್ಮ ಸೆಕೆಯಲ್ಲಿ ಎರಡು ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದು ಕಷ್ಟ. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಒಳ್ಳೆಯ ಬ್ಯಾಟರಿ 12.7 ವೋಲ್ಟ್ ಆಸುಪಾಸು ತೋರಿಸುತ್ತದೆ. ಲೋಡ್ ಬಿದ್ದ ಕೂಡಲೇ 10.5ಕ್ಕಿಂತ ಕೆಳಗೆ ಜಾರಿದರೆ ಅದರ ಆಯುಸ್ಸು ಮುಗಿದಿದೆ.

ಯುಪಿಎಸ್ ಇಲ್ಲದೆ ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆಸುವವರು ಇನ್ವರ್ಟರಿನ ಮೇಲಿರುವ ಯುಪಿಎಸ್ ಮೋಡ್ ಸ್ವಿಚ್ ನೋಡಿ. ನಾರ್ಮಲ್ ಮೋಡ್‌ನಲ್ಲಿ ಕರೆಂಟ್ ಹೋದಾಗ ಬದಲಾಗಲು ತಗಲುವ ಹೊತ್ತು ಫ್ಯಾನ್, ಲೈಟಿಗೆ ಸಾಕು, ಕಂಪ್ಯೂಟರಿಗೆ ಸಾಲದು. 50 ಹರ್ಟ್ಜ್ ಕರೆಂಟಿನ ಒಂದು ಆವರ್ತ 20 ಮಿಲಿಸೆಕೆಂಡ್. ಒಳ್ಳೆಯ ಎಸ್‌ಎಂಪಿಎಸ್ ಕೂಡ ಪೂರ್ತಿ ಲೋಡಿನಲ್ಲಿ ಕರೆಂಟ್ ಇಲ್ಲದೆ ತಡೆದುಕೊಳ್ಳಬೇಕಾದದ್ದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಅದರೊಳಗಿನ ಕೆಪಾಸಿಟರ್ ಮುದಿಯಾದಂತೆ ಆ ಹೊತ್ತೂ ಕುಗ್ಗುತ್ತದೆ. ಕಣ್ಣಿಗೆ ಲೈಟ್ ಮಿಣುಕಿದ್ದೇ ಕಾಣದಿದ್ದರೂ ಕಂಪ್ಯೂಟರ್ ಬೀಳುವುದು ಇದರಿಂದಲೇ.

ಅರ್ಥಿಂಗ್ ವಿಷಯವನ್ನು ಇಲ್ಲಿ ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಮುರಕಲ್ಲಿನ ನೆಲದಲ್ಲಿ ತೋಡಿದ ಅರ್ಥ್ ಗುಂಡಿ ಮಾರ್ಚ್–ಏಪ್ರಿಲ್ ಹೊತ್ತಿಗೆ ಒಣಗಿ, ನೆಲದೊಂದಿಗಿನ ಸಂಪರ್ಕ ಕ್ಷೀಣಿಸುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುವುದು ಅದರ ಗುರುತು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥ್ ಇಲ್ಲದ ಕ್ಯಾಬಿನೆಟ್ಟನ್ನು 115 ವೋಲ್ಟ್ ಸುಮಾರಿಗೆ ತೇಲಿಸಿಡುತ್ತವೆ. ಹರಿಯುವ ಕರೆಂಟ್ ಅತ್ಯಲ್ಪ, ಆದರೆ ಎಚ್‌ಡಿಎಂಐ ಅಥವಾ ನೆಟ್‌ವರ್ಕ್ ಕೇಬಲ್ ಚುಚ್ಚುವಾಗ ಅದು ಹರಿಯುವ ದಾರಿ ಮದರ್‌ಬೋರ್ಡ್. ಎಲೆಕ್ಟ್ರಿಷಿಯನ್ ಕರೆದು ಸಾಕೆಟ್‌ನಲ್ಲಿ ಮೂರು ಅಳತೆ ತೆಗೆಸಿ: ಫೇಸ್–ನ್ಯೂಟ್ರಲ್ 230 ವೋಲ್ಟ್ ಆಸುಪಾಸು, ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟಿನೊಳಗೆ. ಮೂರನೆಯದು ಐದು ದಾಟಿದರೆ ಎಲ್ಲೋ ನ್ಯೂಟ್ರಲ್ ಸಡಿಲ ಅಥವಾ ಅರ್ಥ್ ದುರ್ಬಲ. ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ಯುವ ಹಳೆಯ ರೂಢಿ ಸರಿಯಾದದ್ದೇ.

ಎಸ್‌ಎಂಪಿಎಸ್ ವೋಲ್ಟೇಜನ್ನು ನೀವೇ ಅಳೆಯಬಹುದು. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಯಂತ್ರ ನಡೆಯುತ್ತಿರುವಾಗ ಬಳಸದ ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ ಕಪ್ಪು–ಹಳದಿ ನಡುವೆ 11.4ರಿಂದ 12.6, ಕಪ್ಪು–ಕೆಂಪು ನಡುವೆ 4.75ರಿಂದ 5.25 ಇರಬೇಕು. ಎರಡು ತಂತಿಗೆ ಒಟ್ಟಿಗೆ ಮೀಟರಿನ ತುದಿ ತಾಗದಂತೆ ಜೋಪಾನ. ಈ ಮಿತಿ ಮೀರಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಖಚಿತವಾಗಿ ಹೇಳಬಹುದು. ಮಿತಿಯೊಳಗಿದ್ದರೆ ಚೆನ್ನಾಗಿದೆ ಎಂದು ಮಾತ್ರ ಹೇಳಲಾಗದು, ಯಾಕೆಂದರೆ ಕ್ಷಣಾರ್ಧದ ಕುಸಿತ, ಅಲೆಗಳು ಮಲ್ಟಿಮೀಟರಿಗೆ ಕಾಣುವುದಿಲ್ಲ. ಗೇಮ್ ಅಥವಾ ವಿಡಿಯೊ ರೆಂಡರ್ ಶುರುವಾದ ಕೂಡಲೇ ಬೀಳುವ ಯಂತ್ರಕ್ಕೆ ಬೇರೆ ಒಳ್ಳೆಯ ಎಸ್‌ಎಂಪಿಎಸ್ ಹಾಕಿ ನೋಡುವುದೇ ನಿಜವಾದ ಪರೀಕ್ಷೆ. ಎಸ್‌ಎಂಪಿಎಸ್ ಪೆಟ್ಟಿಗೆ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಮೀರಿದ ಚಾರ್ಜ್ ಉಳಿದಿರಬಹುದು, ಅದು ಪ್ರಾಣಕ್ಕೆ ಅಪಾಯ.

ಬಿಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಚ್‌ಡಬ್ಲ್ಯುಇನ್ಫೊ ಎಂಬ ತಂತ್ರಾಂಶ ಹಾಕಿ ಪ್ರೊಸೆಸರ್ ತಾಪಮಾನ ನೋಡಿ. ಲೋಡಿನಲ್ಲಿ 95–100 ಡಿಗ್ರಿ ಮುಟ್ಟುತ್ತಿದ್ದರೆ ಫ್ಯಾನ್ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ.

ರ‍್ಯಾಮ್: ಮೊದಲು ಸಂಪರ್ಕ, ಆಮೇಲೆ ಪರೀಕ್ಷೆ

ಇಷ್ಟೆಲ್ಲ ನೋಡಿದ ಮೇಲೂ ಅನುಮಾನ ರ‍್ಯಾಮ್ ಮೇಲೆ ಉಳಿದರೆ, ಏನನ್ನೂ ಮುಟ್ಟುವ ಮೊದಲು ಒಂದು ರಾತ್ರಿ ಇದ್ದ ಸ್ಥಿತಿಯಲ್ಲೇ ಪರೀಕ್ಷೆ ಓಡಿಸಿ. ಸ್ವಚ್ಛ ಮಾಡಿ ಆಮೇಲೆ ಪರೀಕ್ಷಿಸಿದರೆ ದೋಷ ಮಾಯವಾಗಿ, ಅದು ಕಿಲುಬಿನದೋ ಚಿಪ್ಪಿನದೋ ಎಂದು ಗೊತ್ತಾಗುವುದೇ ಇಲ್ಲ.

ವಿಂಡೋಸ್ ಜೊತೆಗೇ ಬರುವ ಮೆಮೊರಿ ಡಯಾಗ್ನಾಸ್ಟಿಕ್ ಬೇಗ ಮುಗಿಯುತ್ತದೆ. ಅದು ದೋಷ ತೋರಿಸಿದರೆ ನಂಬಿ, ತೋರಿಸದಿದ್ದರೆ ನಂಬಬೇಡಿ. ಸರಿಯಾದ ಸಾಧನ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್. ಹೆಸರು ಒಂದೇ ರೀತಿ ಇದ್ದರೂ ಇವು ಬೇರೆ ಬೇರೆ ತಂತ್ರಾಂಶಗಳು, ಎರಡನ್ನೂ ಉಚಿತವಾಗಿ ಪಡೆಯಬಹುದು. ಚೆನ್ನಾಗಿರುವ ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ಬರೆದು, ತೊಂದರೆಯ ಯಂತ್ರವನ್ನು ಅದರಿಂದ ಬೂಟ್ ಮಾಡಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಬೂಟ್ ಆಗದಿದ್ದರೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಬೇಕಾಗಬಹುದು. ಡ್ರೈವಿಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ಅದಕ್ಕೂ ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಕನಿಷ್ಠ ನಾಲ್ಕು ಸುತ್ತು ಓಡಲಿ. ರ‍್ಯಾಮ್ ಎಷ್ಟು ಜಿಬಿ ಇದೆಯೋ, ಯಂತ್ರ ಎಷ್ಟು ಹಳೆಯದೋ ಅಷ್ಟು ಹೊತ್ತು ಹಿಡಿಯುತ್ತದೆ. 16 ಜಿಬಿ ಇದ್ದರೆ ರಾತ್ರಿ ಇಟ್ಟು ಬೆಳಿಗ್ಗೆ ನೋಡುವುದೇ ಸರಿ. ಸಿಡಿಲಿನ ಸೂಚನೆ ಇರುವ ರಾತ್ರಿ ಮಾತ್ರ ಹೀಗೆ ಬಿಡಬೇಡಿ. ಒಂದೇ ಒಂದು ದೋಷ ಬಂದರೂ ಅದು ದೋಷವೇ, "ಲಕ್ಷದಲ್ಲಿ ಒಂದು ತಾನೇ" ಎಂದು ಬಿಡುವ ಹಾಗಿಲ್ಲ. ಇದಕ್ಕೆ ಒಂದೇ ವಿನಾಯಿತಿ ಮೆಮ್‌ಟೆಸ್ಟ್86ರ 13ನೇ ಪರೀಕ್ಷೆ. ಅದು ಒಂದೇ ಸಾಲನ್ನು ವಿಪರೀತ ಬಡಿದು ಪಕ್ಕದ ಸಾಲಿನ ಬಿಟ್ ತಿರುಗುತ್ತದೆಯೇ ನೋಡುತ್ತದೆ. ಉಳಿದೆಲ್ಲ ಪರೀಕ್ಷೆಯಲ್ಲಿ ಗೆದ್ದು ಇದರಲ್ಲಿ ಮಾತ್ರ ದೋಷ ಬಂದರೆ ರೀಸ್ಟಾರ್ಟ್‌ಗೆ ಅದನ್ನು ಹೊಣೆ ಮಾಡಲಾಗದು. ಪರೀಕ್ಷೆಯ ನಡುವೆಯೇ ಯಂತ್ರ ರೀಸ್ಟಾರ್ಟ್ ಆಗಿಬಿಟ್ಟರೆ ಅದೂ ಒಂದು ಉತ್ತರ: ಅಲ್ಲಿ ವಿಂಡೋಸ್ ಇಲ್ಲ, ಡ್ರೈವರ್ ಇಲ್ಲ, ಡಿಸ್ಕ್ ಇಲ್ಲ, ಹಾಗಾಗಿ ತೊಂದರೆ ಹಾರ್ಡ್‌ವೇರ್‌ನಲ್ಲೇ ಇದೆ, ಹೆಚ್ಚಾಗಿ ವಿದ್ಯುತ್ ಕಡೆ.

ದೋಷ ಬಂದರೆ ಅದರ ರೂಪ ನೋಡಿ, ಇಲ್ಲಿ ಬಹಳ ಮಾಹಿತಿ ಅಡಗಿದೆ. ಪ್ರತಿ ಸುತ್ತಿನಲ್ಲೂ ಅದೇ ವಿಳಾಸ, ಅದೇ ಬಿಟ್ ತಪ್ಪುತ್ತಿದ್ದರೆ ಚಿಪ್ಪಿನೊಳಗೆ ಒಂದು ಕೋಶ ಸತ್ತಿದೆ. ಯಾವ ಸ್ವಚ್ಛತೆಯಿಂದಲೂ ಅದು ಬದುಕುವುದಿಲ್ಲ. ವಿಳಾಸಗಳು ಎಲ್ಲೆಂದರಲ್ಲಿ ಹರಡಿದ್ದು ತಪ್ಪಾದ ಬಿಟ್ ಮಾತ್ರ ಒಂದೇ ಆಗಿದ್ದರೆ, ಅಂದರೆ ದೋಷದ ಮಾಸ್ಕ್ ಪ್ರತಿ ಸಲವೂ 00000400 ಎಂಬಂತೆ ಒಂದೇ ಸಂಖ್ಯೆ ತೋರಿಸಿದರೆ, ಒಂದು ಡೇಟಾ ಪಿನ್ ಸರಿಯಾಗಿ ತಾಗುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಸ್ವಚ್ಛ ಮಾಡಿದರೆ ಸರಿಹೋಗುವ ಸಾಧ್ಯತೆ ಹೆಚ್ಚಿರುವುದು ಇದೇ. ವಿಳಾಸ, ಬಿಟ್ ಎರಡೂ ಚೆಲ್ಲಾಪಿಲ್ಲಿಯಾಗಿದ್ದರೆ ವೇಗ, ವೋಲ್ಟೇಜ್ ಅಥವಾ ಎಸ್‌ಎಂಪಿಎಸ್.

ಆ ಕೊನೆಯ ಸಂದರ್ಭದಲ್ಲಿ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ (ಮೆಮೊರಿಯನ್ನು ಮೂಲ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿ ಮತ್ತೆ ಪರೀಕ್ಷಿಸಿ. ಡಿಡಿಆರ್4 ರ‍್ಯಾಮಿನ ಮೂಲ ವೋಲ್ಟೇಜ್ 1.2, ಎಕ್ಸ್‌ಎಂಪಿಯಲ್ಲಿ ಅದು ಸಾಮಾನ್ಯವಾಗಿ 1.35ಕ್ಕೆ ಏರಿ ವೇಗವೂ ಹೆಚ್ಚುತ್ತದೆ. ಪೆಟ್ಟಿಗೆಯ ಮೇಲೆ 3600 ಎಂದು ಬರೆದಿದ್ದರೂ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಆ ವೇಗ ತಡೆಯಬೇಕೆಂದಿಲ್ಲ. ಎಕ್ಸ್‌ಎಂಪಿ ಆಫ್ ಮಾಡಿದ ಮೇಲೆ ದೋಷ ನಿಂತರೆ ಹಾಗೆಯೇ ಬಳಸಿ. ಬಿಲ್ಲಿಂಗ್, ಬ್ರೌಸರ್, ಆಫೀಸ್ ಕೆಲಸಕ್ಕೆ ಆ ವೇಗದ ಕೊರತೆ ಗೊತ್ತೂ ಆಗುವುದಿಲ್ಲ. ಆಮೇಲೆ ಸೇರಿಸಿದ ಬೇರೆ ಕಂಪನಿಯ ಇನ್ನೊಂದು ರ‍್ಯಾಮ್ ಸ್ಟಿಕ್ ಇದ್ದರೆ ಅದೂ ಇಂಥ ದೋಷಕ್ಕೆ ಕಾರಣವಾಗಬಹುದು.

ಸ್ವಚ್ಛ ಮಾಡುವುದು

ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ಆದರೂ ರ‍್ಯಾಮಿನ ಚಿನ್ನದ ಬಣ್ಣದ ಅಂಚು ಕರಾವಳಿಯಲ್ಲಿ ಯಾಕೆ ಮಂಕಾಗುತ್ತದೆ ಎಂದು ಕೇಳಬಹುದು. ಆ ಚಿನ್ನದ ಲೇಪ ಒಂದು ಮೈಕ್ರಾನ್‌ಗಿಂತಲೂ ತೆಳ್ಳಗೆ, ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಉಪ್ಪಿನ ತೇವ ಅದರ ಮೂಲಕ ಇಳಿದು ಕೆಳಗಿನ ನಿಕ್ಕಲ್, ತಾಮ್ರವನ್ನು ತಿನ್ನುತ್ತದೆ, ಹುಟ್ಟಿದ ಕಿಲುಬು ಮೇಲೆ ಹರಡುತ್ತದೆ. ಇದರ ಮೇಲೆ, ದಿನವೂ ಬಿಸಿಯಾಗಿ ತಣಿಯುವಾಗ ಸ್ಟಿಕ್ ಸ್ಲಾಟಿನಲ್ಲಿ ಕೂದಲೆಳೆಯಷ್ಟು ಜರುಗಿ ಲೇಪ ಸವೆಯುತ್ತದೆ.

ಬೇಕಾದದ್ದು: 99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ (ಕನ್ನಡಕ ಒರೆಸುವ ಬಟ್ಟೆ ಆಗುತ್ತದೆ), ಮೆತ್ತನೆಯ ಬ್ರಷ್, ಕೈಯಲ್ಲಿ ಒತ್ತುವ ಬ್ಲೋವರ್. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ಪೆಟ್ರೋಲ್, ಥಿನ್ನರ್, ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಯಾವುದೂ ಬೇಡ.

ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು 10 ಸೆಕೆಂಡ್ ಒತ್ತಿ ಉಳಿದ ಚಾರ್ಜ್ ಹೋಗಲಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಸ್ಲಾಟಿನ ಕೊಕ್ಕೆ ಬಿಡಿಸಿ ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿದು ತೆಗೆಯಿರಿ. ಯಾವ ಸ್ಟಿಕ್ ಯಾವ ಸ್ಲಾಟಿನಲ್ಲಿತ್ತು ಎಂದು ಪೆನ್ಸಿಲ್‌ನಲ್ಲಿ ಲೇಬಲ್ ಮೇಲೆ ಗುರುತು ಹಾಕಿ. ಬಟ್ಟೆಗೆ ಆಲ್ಕೊಹಾಲ್ ತಾಗಿಸಿ, ಚಿನ್ನದ ಬೆರಳುಗಳ ಉದ್ದಕ್ಕೆ ಮೇಲಿನಿಂದ ಅಂಚಿನ ಕಡೆಗೆ ಒರೆಸಿ. ಅಡ್ಡಕ್ಕೆ ಉಜ್ಜಿದರೆ ನೂಲು, ಕೊಳೆ ಬೆರಳುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಮೇಲೆ ಕಪ್ಪು ಬರುವುದು ನಿಲ್ಲುವ ತನಕ ಒರೆಸಿ.

ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ಎಲ್ಲ ಅಂಗಡಿಗಳಲ್ಲೂ ಇದೆ. ಕೆಲಸವಂತೂ ಆಗುತ್ತದೆ, ಆದರೆ ಪ್ರತಿ ಉಜ್ಜಿಗೂ ಆ ತೆಳು ಚಿನ್ನ ಸವೆಯುತ್ತದೆ, ಸವೆದ ಜಾಗಕ್ಕೆ ಮುಂದಿನ ಮಳೆಗಾಲದಲ್ಲಿ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ಆಲ್ಕೊಹಾಲ್‌ಗೆ ಬಗ್ಗದ ಕಲೆಗೆ ಮಾತ್ರ, ಒಮ್ಮೆ, ಮೆತ್ತನೆಯ ಬಿಳಿ ರಬ್ಬರ್ ಬಳಸಿ, ಚೂರುಗಳನ್ನು ಕ್ಯಾಬಿನೆಟ್‌ನಿಂದ ದೂರ ಕೊಡವಿ, ಮತ್ತೆ ಆಲ್ಕೊಹಾಲ್‌ನಿಂದ ಒರೆಸಿ. ನೀಲಿ ಶಾಯಿ ರಬ್ಬರ್ ಬೇಡ.

ಸ್ಲಾಟಿನ ಧೂಳನ್ನು ಬ್ರಷ್, ಬ್ಲೋವರ್‌ನಿಂದ ತೆಗೆಯಿರಿ. ಬಾಯಿಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತದೆ. ಒಳಗೆ ಇರುವೆ ಗೂಡು, ಜಿರಳೆ ಮೊಟ್ಟೆ, ಹಲ್ಲಿ ಹಿಕ್ಕೆ ಇದೆಯೇ ಟಾರ್ಚ್‌ನಲ್ಲಿ ನೋಡಿ. ಹಿಕ್ಕೆ ತೇವ ಹೀರಿಕೊಂಡು ಕರೆಂಟ್ ಹರಿಸುತ್ತದೆ, ಬೋರ್ಡನ್ನೂ ತಿನ್ನುತ್ತದೆ. ಒಣ ದಿನವಾದರೆ ಕಾಲು ಗಂಟೆ, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಾದರೆ ಒಂದು ಗಂಟೆ ಫ್ಯಾನ್ ಕೆಳಗೆ ಆರಲು ಬಿಡಿ. ಸ್ಟಿಕ್ಕನ್ನು ಎರಡು ಮೂರು ಸಲ ಹಾಕಿ ತೆಗೆದು ಕೊನೆಗೆ ಎರಡೂ ತುದಿಯಲ್ಲಿ ಸಮನಾಗಿ ಒತ್ತಿ. ಕೊಕ್ಕೆ "ಟಕ್" ಎಂದು ಕೂರಬೇಕು. ಒಂದೇ ಕಡೆ ಕೊಕ್ಕೆ ಇರುವ ಬೋರ್ಡ್‌ಗಳಲ್ಲಿ ಇನ್ನೊಂದು ತುದಿ ಅರ್ಧ ಮಾತ್ರ ಇಳಿದಿರುವುದು ಸಾಮಾನ್ಯ ತಪ್ಪು.

ಸ್ಟಿಕ್ಕೋ ಸ್ಲಾಟೋ

ಸ್ವಚ್ಛ ಮಾಡಿದ ಮೇಲೂ ದೋಷ ಉಳಿದರೆ ಸ್ಟಿಕ್ಕುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಎರಡು ಸ್ಟಿಕ್ ಇದ್ದರೆ ಕ ಮತ್ತು ಖ ಎಂದು ಹೆಸರಿಡಿ. ನಾಲ್ಕು ಸ್ಲಾಟಿನ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯದು ಮತ್ತು ನಾಲ್ಕನೆಯದು ಮೊದಲು ತುಂಬಬೇಕಾದ ಸ್ಲಾಟುಗಳು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲ ಪೂರ್ತಿ ಪರೀಕ್ಷೆ ಓಡಿಸಿ, ಫಲಿತಾಂಶ ಕಾಗದದ ಮೇಲೆ ಬರೆಯಿರಿ.

ಎರಡನೇ ಸ್ಲಾಟಿನಲ್ಲಿ ಕ ಮಾತ್ರ, ಆಮೇಲೆ ಅದೇ ಸ್ಲಾಟಿನಲ್ಲಿ ಖ ಮಾತ್ರ. ಕ ಗೆದ್ದು ಖ ಸೋತರೆ, ಖವನ್ನು ನಾಲ್ಕನೇ ಸ್ಲಾಟಿಗೆ ಹಾಕಿ. ಅಲ್ಲೂ ಸೋತರೆ ಸ್ಟಿಕ್ ಕೆಟ್ಟಿದೆ. ಎರಡೂ ಸ್ಟಿಕ್ ಎರಡನೇ ಸ್ಲಾಟಿನಲ್ಲಿ ಗೆದ್ದು, ನಾಲ್ಕನೆಯದರಲ್ಲಿ ಎರಡೂ ಸೋತರೆ ಸ್ಟಿಕ್ಕುಗಳು ನಿರ್ದೋಷಿ. ಆಗ ಮದರ್‌ಬೋರ್ಡ್ ಎಂದು ತೀರ್ಪು ಕೊಡುವ ಮುನ್ನ ಪ್ರೊಸೆಸರ್ ಕೂಲರ್ ನೋಡಿ. ನಾಲ್ಕು ಸ್ಕ್ರೂಗಳಲ್ಲಿ ಒಂದು ಕಡೆ ಹೆಚ್ಚು ಬಿಗಿದಿದ್ದರೆ ಪ್ರೊಸೆಸರ್ ವಾರೆಯಾಗಿ, ಸಾಕೆಟ್ಟಿನ ಕೆಲವು ಪಿನ್‌ಗಳು ತಾಗದೆ ಒಂದು ಮೆಮೊರಿ ಚಾನೆಲ್ (ಪ್ರೊಸೆಸರ್‌ನಿಂದ ಸ್ಲಾಟಿಗೆ ಹೋಗುವ ದಾರಿ) ಕೈಕೊಡುತ್ತದೆ. ಸಾಕೆಟ್‌ನ ಬಾಗಿದ ಪಿನ್ನೂ ಹೀಗೆಯೇ ಮಾಡುತ್ತದೆ. ಒಂದೊಂದಾಗಿ ಎಲ್ಲೆಡೆ ಗೆದ್ದು, ಒಟ್ಟಿಗೆ ಹಾಕಿದಾಗ ಮಾತ್ರ ಸೋತರೆ ಅವೆರಡು ಹೊಂದುತ್ತಿಲ್ಲ. ಬಯಾಸ್‌ನಲ್ಲಿ ವೇಗವನ್ನು ಒಂದು ಹಂತ ಇಳಿಸಿ ನೋಡಿ.

ಲ್ಯಾಪ್‌ಟಾಪ್‌ಗಳಲ್ಲಿ ಕೆಲಸ ಕಡಿಮೆ, ಆಯ್ಕೆಯೂ ಕಡಿಮೆ. ಹಿಂಬದಿ ಬಿಚ್ಚಿದ ಕೂಡಲೇ ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಮೇಲೆ ರ‍್ಯಾಮ್ ಮುಟ್ಟಿ. ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್ ಕೆಟ್ಟಿದ್ದರೆ ಚಿಪ್ ಮಟ್ಟದ ರಿಪೇರಿ ಮಾಡುವವರಲ್ಲೇ ಹೋಗಬೇಕು. ಎಸಿ ಕೋಣೆಯಿಂದ ತಂದ ತಣ್ಣನೆಯ ಲ್ಯಾಪ್‌ಟಾಪನ್ನು ಹೊರಗಿನ ಸೆಕೆಯಲ್ಲಿ ತಕ್ಷಣ ಬಿಚ್ಚಬೇಡಿ, ಬೋರ್ಡಿನ ಮೇಲೆ ಹನಿ ಕಟ್ಟುತ್ತದೆ.

ಬದಲಿಸುವುದಾದರೆ

ಡೆಸ್ಕ್‌ಟಾಪ್‌ಗಳ ಡಿಡಿಆರ್3ರಲ್ಲಿ 240 ಪಿನ್, ಡಿಡಿಆರ್4ರಲ್ಲಿ 288. ಡಿಡಿಆರ್5ರಲ್ಲೂ 288 ಇದ್ದರೂ ಕಚ್ಚಿನ ಜಾಗ ಬೇರೆ, ಒಂದು ಇನ್ನೊಂದರ ಸ್ಲಾಟಿಗೆ ಕೂರುವುದಿಲ್ಲ. ಹಳೆಯ ಸ್ಟಿಕ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಆದರೆ ಅದಕ್ಕೂ ಮೊದಲು ವಾರಂಟಿ ನೋಡಿ. ರ‍್ಯಾಮಿಗೆ ಹಲವು ಕಂಪನಿಗಳು ಬಹಳ ವರ್ಷಗಳ ವಾರಂಟಿ ಕೊಡುತ್ತವೆ. ಸ್ಟಿಕ್ಕಿನ ಸ್ಟಿಕ್ಕರ್ ಕೀಳಬೇಡಿ, ಕ್ರಮಸಂಖ್ಯೆ ಅದರಲ್ಲೇ ಇರುತ್ತದೆ. ಮೆಮ್‌ಟೆಸ್ಟ್ ದೋಷದ ಪರದೆಯ ಫೋಟೊ ಜೊತೆಗಿಡಿ. ಜೋಡಿಯಾಗಿ ಕೊಂಡ ಕಿಟ್ ಆದರೆ ಎರಡನ್ನೂ ಒಟ್ಟಿಗೆ ಕಳುಹಿಸಲು ಕೇಳಬಹುದು.

ಹೊಸದು ಹಾಕಿದ ಮೇಲೂ ನಾಲ್ಕು ಸುತ್ತು ಪರೀಕ್ಷೆ ತಪ್ಪಿಸಬೇಡಿ, ಹೊಸ ಸ್ಟಿಕ್ಕುಗಳಲ್ಲೂ ಕೆಟ್ಟವು ಬರುತ್ತವೆ. ಪರೀಕ್ಷೆ ಗೆದ್ದ ನಂತರವೇ ಸಿಸ್ಟಮ್ ಫೈಲ್ ಚೆಕರ್ ಓಡಿಸಿ ಹಾಳಾದ ವಿಂಡೋಸ್ ಫೈಲುಗಳನ್ನು ಸರಿಪಡಿಸಿ, ಆಮೇಲೆ ಡಿಸ್ಕ್ ಪರೀಕ್ಷೆ, ಕೊನೆಗೆ ಟ್ಯಾಲಿಯಂಥ ಡೇಟಾ ತೆರೆದು ಲೆಕ್ಕ ತಾಳೆ ನೋಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಕರ್ನಲ್ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮತ್ತೆ ಅದೇ ಎದ್ದು ಬರುತ್ತದೆ, ಹಾಗಾಗಿ ಒಮ್ಮೆ ರೀಸ್ಟಾರ್ಟ್ ಆಯ್ಕೆಯನ್ನೇ ಒತ್ತಿ. ಎರಡು ವಾರ ಬಿಟ್ಟು ಈವೆಂಟ್ ವ್ಯೂವರ್‌ನಲ್ಲಿ 41 ಹುಡುಕಿ. ಹೊಸದಾಗಿ ಬಂದಿದ್ದು ಬಗ್‌ಚೆಕ್‌ಕೋಡ್ 0 ಎಂದಿದ್ದರೆ ರ‍್ಯಾಮ್ ಬಿಟ್ಟು ಯುಪಿಎಸ್ ಪರೀಕ್ಷೆಯಿಂದ ಮತ್ತೆ ಶುರು ಮಾಡಿ.